ಜೀಪು ನಿಲ್ಲಿಸೋ ಶೆಡ್ಡಿಗೆ ಮರದ ನೆಲ: ಯಾವ ಮರ ಹಾಕಲಿ, ಮಳೆಗಾಲಕ್ಕೆ ಹೇಗೆ ಕಾಪಾಡಲಿ?

ಕಾಫಿಹೂ, ಸುಂಟಿಕೊಪ್ಪ ಹತ್ತಿರ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ಕಾಫಿ ಮೂಟೆ ಇಡುತ್ತಿದ್ದ ಹಳೇ ಗೋಡಾನು ಒಂದು ಖಾಲಿ ಬಿದ್ದಿದೆ. 22 ಅಡಿ ಉದ್ದ, 14 ಅಡಿ ಅಗಲ. ಸೈಜುಗಲ್ಲಿನ ಗೋಡೆ, ಮಂಗಳೂರು ಹೆಂಚು. ಅದರಲ್ಲಿ ಅಪ್ಪನ ಪೆಟ್ರೋಲ್ ಜೀಪು, ಪಕ್ಕದಲ್ಲಿ ಒಂದು ಬೈಕು ನಿಲ್ಲಿಸಬೇಕು ಅಂತಿದ್ದೇನೆ. ಜೀಪು ದಿನಾ ಓಡುವುದಿಲ್ಲ. ಮಳೆಗಾಲದಲ್ಲಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಂತಲ್ಲೇ ಇರುತ್ತದೆ.

ಒಳಗಿನ ಸಿಮೆಂಟ್ ನೆಲ ಅಲ್ಲಲ್ಲಿ ಒಡೆದಿದೆ. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ಹನಿ ಕೂಡ ಸೋರದಿದ್ದರೂ ನೆಲ ಒದ್ದೆಯಾಗುತ್ತದೆ, ಜೀಪಿನ ಅಡಿಭಾಗಕ್ಕೆ ತುಕ್ಕು ಏರುತ್ತಿದೆ. ಅಜ್ಜನ ಕಾಲದಲ್ಲಿ ಇದೇ ಗೋಡಾನಿನಲ್ಲಿ ಮರದ ಹಲಗೆಯ ನೆಲ ಇತ್ತಂತೆ, ಮೂಟೆಗೆ ಮುಗ್ಗಲು ಹಿಡಿಯುತ್ತಿರಲಿಲ್ಲವಂತೆ. ಅದೇ ಥರ ಮರದ ನೆಲ ಹಾಕಿಸುವ ಮನಸ್ಸಿದೆ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ದಿಮ್ಮಿ ಬೇಕಾದಷ್ಟಿದೆ. ಅದು ನಡೆಯುತ್ತದಾ? ಗೆದ್ದಲಿಗೆ ಏನು ಮಾಡಬೇಕು? ಮೇಲೆ ಏನು ಬಳಿಯಬೇಕು? ತಿಳಿದವರು ದಯವಿಟ್ಟು ಹೇಳಿ.

ಕುಶಾಲನಗರ ಸೈಟ್

ಮೇಡಂ, ನಾನು ಸಿವಿಲ್ ಕೆಲಸದವನು. ಗಾಡಿ ನಿಲ್ಲಿಸುವ ಜಾಗಕ್ಕೆ ಮರ ಯಾಕೆ? ಹಳೇ ಸಿಮೆಂಟ್ ಕಿತ್ತು, ಜಲ್ಲಿ ತುಂಬಿ ದಮ್ಮಸ್ ಹೊಡೆಸಿ, 250 ಮೈಕ್ರಾನ್ ಪ್ಲಾಸ್ಟಿಕ್ ಶೀಟ್ ಹಾಸಿ, 4 ಇಂಚು ಕಾಂಕ್ರೀಟ್ ಹಾಕಿಸಿ. ನಿಮ್ಮ ಹಳೇ ನೆಲದ ಅಡಿ ಶೀಟ್ ಇರುವುದಿಲ್ಲ, ಅದಕ್ಕೇ ಮಣ್ಣಿನ ತೇವ ಮೇಲೇರುತ್ತಿದೆ. ಗೆದ್ದಲಿಲ್ಲ, ಮರ ಕೊರೆಯುವ ಕುಟ್ಟೆಹುಳವಿಲ್ಲ, ಬೆಂಕಿಯ ಭಯವಿಲ್ಲ.

ಭಾಗಮಂಡಲ ಮಳೆ

ಮೇಲಿನ ಅಣ್ಣ ಹೇಳಿದ್ದು ಕುಶಾಲನಗರಕ್ಕೆ ಸರಿ. ಅಲ್ಲಿ ವರ್ಷಕ್ಕೆ ಸಾವಿರ ಮಿ.ಮೀ. ಆಸುಪಾಸು ಮಳೆ, ನಮ್ಮ ಕಡೆ ಅದರ ಐದು ಪಟ್ಟು ಹತ್ತಿರ ಬೀಳುತ್ತದೆ. ನಮ್ಮ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಶೀಟ್ ಹಾಸಿಯೇ ಕಾಂಕ್ರೀಟ್ ಹಾಕಿಸಿದ್ದು. ಆದರೂ ಜುಲೈನಲ್ಲಿ ನೆಲ ಬೆವರುತ್ತದೆ. ಆ ನೀರು ಮಣ್ಣಿನಿಂದ ಬರುವುದಲ್ಲ, ಗಾಳಿಯಿಂದ ಬರುವುದು. ರಾತ್ರಿಯೆಲ್ಲ ತಣ್ಣಗಾದ ಕಾಂಕ್ರೀಟ್ ಮೇಲೆ ಬೆಳಿಗ್ಗೆ ಬೆಚ್ಚಗಿನ ಒದ್ದೆ ಗಾಳಿ ಕೂತರೆ ಬೆವರು ಕಟ್ಟದೆ ಇನ್ನೇನು? ನಾನು ಅದರ ಮೇಲೆ ಮರದ ಅಟ್ಟಣೆ ಹಾಸಿ ಕಾರು ನಿಲ್ಲಿಸುತ್ತೇನೆ.

ಮತ್ತಿಮರ, ಪೊನ್ನಂಪೇಟೆ

ಇಬ್ಬರ ಮಾತೂ ನಿಜ, ಯಾಕೆಂದರೆ ಇಲ್ಲಿ ಎರಡು ಬೇರೆ ಬೇರೆ ನೀರು ಇದೆ. ಒಂದು ಮಣ್ಣಿನಿಂದ ಮೇಲೆ ಬರುವ ತೇವ. ಅದನ್ನು ಪ್ಲಾಸ್ಟಿಕ್ ಶೀಟ್ ತಡೆಯುತ್ತದೆ. ಇನ್ನೊಂದು ಗಾಳಿಯಲ್ಲಿರುವ ಆವಿ. ಗಾಳಿ 20 ಡಿಗ್ರಿ ಇದ್ದು ತೇವಾಂಶ ಶೇ. 90 ಇದ್ದರೆ, 18 ಡಿಗ್ರಿಗೆ ಇಳಿದ ಯಾವ ಮೇಲ್ಮೈಯಲ್ಲೂ ನೀರು ಕಟ್ಟುತ್ತದೆ. ಎರಡೇ ಡಿಗ್ರಿ ವ್ಯತ್ಯಾಸ. ನಮ್ಮ ಮಳೆಗಾಲದಲ್ಲಿ ಕಾಂಕ್ರೀಟ್ ಅಷ್ಟು ತಣ್ಣಗಿರುವುದು ಸಾಮಾನ್ಯ. ಮರ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಅದರ ಮೇಲ್ಮೈ ಗಾಳಿಯ ಬಿಸಿಗೆ ಹತ್ತಿರವೇ ಇರುತ್ತದೆ. ಜೊತೆಗೆ ಸ್ವಲ್ಪ ಆವಿಯನ್ನು ತಾನೇ ಕುಡಿದುಕೊಳ್ಳುತ್ತದೆ. ಹಾಗಾಗಿ ಮರದ ನೆಲ ಬೆವರುವುದಿಲ್ಲ. ಮೇಡಂ ಅವರ ಅಜ್ಜ ಮೂಟೆಗಳಿಗೆ ಹಲಗೆ ಹಾಕಿಸಿದ್ದರಲ್ಲಿ ಅರ್ಥವಿದೆ.

ಆದರೆ ಕುಡಿದ ಆವಿ ಮರದ ಒಳಗೇ ಉಳಿಯುತ್ತದೆ ಅನ್ನುವುದನ್ನು ಮರೆಯಬಾರದು. ಶೇ. 65 ತೇವಾಂಶದ ಗಾಳಿಯಲ್ಲಿ ಮರದೊಳಗಿನ ನೀರು ಶೇ. 12ರ ಸುತ್ತ ನಿಲ್ಲುತ್ತದೆ. ಶೇ. 90ರ ಗಾಳಿಯಲ್ಲಿ ವಾರಗಟ್ಟಲೆ ಇದ್ದರೆ ಶೇ. 20ಕ್ಕೆ ಏರುತ್ತದೆ. ಮರ ಕೊಳೆಸುವ ಶಿಲೀಂಧ್ರಕ್ಕೆ ಶೇ. 20 ದಾಟಿದ ಮೇಲೆ ಅವಕಾಶ ಸಿಗುತ್ತದೆ. ಅಂದರೆ ಕೊಡಗಿನ ಮಳೆಗಾಲ ಮರವನ್ನು ಸರಿಯಾಗಿ ಆ ಗಡಿಗೆ ತಂದು ನಿಲ್ಲಿಸುತ್ತದೆ. ಅದರ ಮೇಲೆ ಮಣ್ಣಿನ ತೇವವೂ ಸೇರಿದರೆ ಗಡಿ ದಾಟಿತು ಎಂದೇ ಲೆಕ್ಕ. ಅದಕ್ಕೆ ನನ್ನ ಮಾತು: ಯಾವ ಮರ ಅನ್ನುವ ಪ್ರಶ್ನೆ ಆಮೇಲೆ ಬರಲಿ. ಮೊದಲು ಹಲಗೆಯ ಅಡಿಯಲ್ಲಿ ಗಾಳಿ ಹೇಗೆ ಓಡುತ್ತದೆ ಅನ್ನುವುದನ್ನು ತೀರ್ಮಾನ ಮಾಡಿ. ಗಾಳಿ ಓಡದಿದ್ದರೆ ತೇಗವೂ ಹೋಗುತ್ತದೆ, ಓಡಿದರೆ ಸಾಧಾರಣ ಮರವೂ ಬಾಳುತ್ತದೆ.

ಕಾಫಿಹೂ

ಸರ್, ತುಂಬಾ ಉಪಯೋಗವಾಯಿತು. ಗೋಡಾನಿನ ಪ್ಲಿಂತ್ (ಅಡಿಪಾಯದ ಕಟ್ಟೆ) ಹೊರಗಿನ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರ ಇದೆ, ಒಳಗೆ ಮಣ್ಣು ತುಂಬಿ ಸಿಮೆಂಟ್ ಹಾಕಿದ್ದಾರೆ. ಬಾಗಿಲ ಮುಂದೆ ಕಲ್ಲಿನ ಇಳಿಜಾರು ಈಗಲೇ ಇದೆ. ಒಳಗಿನ ಮಣ್ಣು ತೆಗೆದು ಅದೇ ಮಟ್ಟಕ್ಕೆ ಹಲಗೆ ಕೂರಿಸಬಹುದಾ? ಹಿಂದುಗಡೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಇದೆ, ಗೋಡೆಯಿಂದ ಆರೇಳು ಅಡಿ ದೂರ.

ಆಚಾರಿ ಮಗ, ಸೋಮವಾರಪೇಟೆ

ಅಕ್ಕ, ಖಂಡಿತ ಮಾಡಬಹುದು. ನಿಮ್ಮ ಗೋಡಾನಿಗೆ ಪ್ಲಿಂತ್ ಎತ್ತರ ಇರುವುದು ದೊಡ್ಡ ಅನುಕೂಲ. ನಾವು ಮಾಡುವ ಕ್ರಮ ಹೇಳುತ್ತೇನೆ.

ಒಳಗಿನ ಸಿಮೆಂಟ್, ಮಣ್ಣು ಎರಡೂ ತೆಗೆಯಿರಿ, ಆದರೆ ಹೊರಗಿನ ಅಂಗಳದ ಮಟ್ಟಕ್ಕಿಂತ ಕೆಳಗೆ ಹೋಗಬೇಡಿ. ಹೋದರೆ ಅದು ಮಳೆನೀರು ನಿಲ್ಲುವ ಗುಂಡಿಯಾಗುತ್ತದೆ. ಗೆದ್ದಲು ಔಷಧಿ ಹೊಡೆದ ಮೇಲೆ ಪ್ಲಾಸ್ಟಿಕ್ ಶೀಟ್, ಅದರ ಮೇಲೆ ಎರಡು ಇಂಚು ಜಲ್ಲಿ. ಮೂರು ಮೂರು ಅಡಿಗೊಂದು ಕಾಂಕ್ರೀಟ್ ಗುಟ್ಟೆ, ಅಂದರೆ ಗಿಡ್ಡ ಕಂಬ. ಗುಟ್ಟೆಯ ತಲೆ ಮೇಲೆ ತಗಡಿನ ಟೋಪಿ, ನಾಲ್ಕೂ ಕಡೆ ಎರಡು ಇಂಚು ಹೊರಗೆ ಚಾಚಿ ಕೆಳಕ್ಕೆ ಬಗ್ಗಿಸಿರಬೇಕು. ಗೆದ್ದಲು ಗುಟ್ಟೆ ಹತ್ತಿದರೂ ತಗಡಿನ ಅಂಚು ಸುತ್ತಿಕೊಂಡು ಮಣ್ಣಿನ ಕೊಳವೆ ಕಟ್ಟಬೇಕಾಗುತ್ತದೆ, ಆಗ ನಿಮ್ಮ ಕಣ್ಣಿಗೆ ಬೀಳುತ್ತದೆ. ತಗಡಿನ ಮೇಲೆ ಹಳೇ ಟಯರ್ ಟ್ಯೂಬಿನ ತುಂಡು, ಅದರ ಮೇಲೆ ತೊಲೆ. ತೊಲೆ ಗಾಡಿಯ ಉದ್ದಕ್ಕೆ, ಹಲಗೆ ಅಡ್ಡಕ್ಕೆ.

ಜೀಪಿನ ಎಡ ಬಲ ಚಕ್ರದ ನಡುವಿನ ಅಂತರ ಟೇಪು ಹಿಡಿದು ಅಳೆದು, ಚಕ್ರ ಓಡುವ ಸಾಲಿನ ಅಡಿಗೇ ತೊಲೆ ಬರುವ ಹಾಗೆ ಮಾಡಿ. ಅಲ್ಲಿ ಜೋಡಿ ತೊಲೆ ಕೊಡುವುದು ನನ್ನ ಪದ್ಧತಿ. ಭಾರ ನೇರ ತೊಲೆಗೆ ಇಳಿದರೆ ಹಲಗೆಗೆ ಕಷ್ಟವೇ ಇಲ್ಲ.

ಪ್ಲಿಂತಿನ ಗೋಡೆಯಲ್ಲಿ ಎದುರುಬದುರು ಕಂಡಿ ಬಿಡಿಸಿ. ಒಂದೇ ಕಡೆ ಕಂಡಿ ಇದ್ದರೆ ಗಾಳಿ ಒಳಗೆ ಬಂದು ಅಲ್ಲೇ ನಿಲ್ಲುತ್ತದೆ. ಕಂಡಿಗೆ ಒತ್ತಾದ ಜಿಐ ಮೆಷ್ ಕಡ್ಡಾಯ. ಇಲ್ಲದಿದ್ದರೆ ಹಲಗೆಯ ಅಡಿ ಇಲಿ ಸಂಸಾರ ಹೂಡುತ್ತದೆ, ಇಲಿ ಹಿಂದೆ ಹಾವು ಬರುತ್ತದೆ.

ಕುಶಾಲನಗರ ಸೈಟ್

ಒಪ್ಪಿದೆ, ನಾನು ನಮ್ಮ ಕಡೆಯ ಹವಾಮಾನ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಮರವೇ ಹಾಕುವುದಾದರೆ ಭಾರದ ಲೆಕ್ಕ ನಾನು ಕೊಡುತ್ತೇನೆ, ಇದರಲ್ಲಿ ಅಂದಾಜು ಬೇಡ.

ಜೀಪು, ಸಾಮಾನು ಸೇರಿ 1,200 ಕೆ.ಜಿ. ಹಿಡಿಯಿರಿ. ಒಂದು ಚಕ್ರಕ್ಕೆ 300. ಟಯರಿನಲ್ಲಿ 25 ಪಿಎಸ್‌ಐ ಗಾಳಿ ಇದ್ದರೆ ಅದು ಚದರ ಸೆಂ.ಮೀ.ಗೆ 1.75 ಕೆ.ಜಿ., ಅಂದರೆ ಟಯರು ನೆಲ ಮುಟ್ಟುವ ಜಾಗ ಸುಮಾರು 170 ಚದರ ಸೆಂ.ಮೀ. ಅಷ್ಟು ಚಿಕ್ಕ ಜಾಗ ಒಂದೇ ಹಲಗೆಯ ಮೇಲೆ ಬರಬಹುದು, ಆದ್ದರಿಂದ ಒಂದೇ ಹಲಗೆ 300 ಕೆ.ಜಿ. ಹೊರಬೇಕು ಅಂತ ಲೆಕ್ಕ ಹಾಕಬೇಕು.

ತೊಲೆಯಿಂದ ತೊಲೆಗೆ ಒಂದೂವರೆ ಅಡಿ, ಅಂದರೆ 45 ಸೆಂ.ಮೀ. 6 ಇಂಚು ಅಗಲ, 2 ಇಂಚು ದಪ್ಪದ ಹಲಗೆಯ ನಡುವೆ ಈ ಭಾರ ಬಿದ್ದರೆ ಮರದ ಮೇಲಿನ ಬಾಗುವ ಒತ್ತಡ ಚದರ ಸೆಂ.ಮೀ.ಗೆ 54 ಕೆ.ಜಿ. ತೇಗದಂಥ ಮರ 80ರಿಂದ 100 ತಡೆಯುತ್ತದೆ ಅಂತ ಹಿಡಿದು ವಿನ್ಯಾಸ ಮಾಡುತ್ತೇವೆ, ಹಾಗಾಗಿ ಧಾರಾಳ ಆಯಿತು. ಅದೇ ಹಲಗೆ ಒಂದಿಂಚು ದಪ್ಪ ಇದ್ದರೆ ಒತ್ತಡ 216. ದಪ್ಪ ಅರ್ಧವಾದರೆ ಒತ್ತಡ ನಾಲ್ಕು ಪಟ್ಟು. ಸಾಮಿಲ್ಲಿನಲ್ಲಿ ಒಂದೂಕಾಲು ಇಂಚು ಸಾಕು, ಮರ ಉಳಿಯುತ್ತದೆ ಅಂದರೆ ಕೇಳಬೇಡಿ. ತೊಲೆ 4×4 ಇದ್ದು ಗುಟ್ಟೆ ಮೂರಡಿಗೊಂದು ಇದ್ದರೆ ಸಾಕು.

ಜಾಕ್ ಹಾಕುವಾಗ ಇನ್ನೊಂದು ಎಚ್ಚರ. ಜಾಕಿನ ಬುಡ ಟಯರಿಗಿಂತ ಬಹಳ ಚಿಕ್ಕದು, ಭಾರ ಹೆಚ್ಚು. ಅಡಿಗೆ ಒಂದಡಿ ಚದರದ ದಪ್ಪ ಹಲಗೆ ಅಥವಾ 8 ಎಂಎಂ ಕಬ್ಬಿಣದ ತಗಡು ಇಟ್ಟೇ ಜಾಕ್ ಎತ್ತಿ, ಅದೂ ತೊಲೆಯ ಮೇಲೆ ಬರುವ ಹಾಗೆ.

ಕಾಫಿಹೂ

ಲೆಕ್ಕ ಕೊಟ್ಟಿದ್ದು ದೊಡ್ಡ ಉಪಕಾರ ಸರ್. ಇನ್ನು ಸಿಲ್ವರ್ ಓಕ್ ವಿಷಯ ಯಾರಾದರೂ ಹೇಳಿ. ಅದೊಂದಾದರೆ ದುಡ್ಡು ಉಳಿಯುತ್ತದೆ.

ಮತ್ತಿಮರ, ಪೊನ್ನಂಪೇಟೆ

ಸಿಲ್ವರ್ ಓಕ್ ಕೆಟ್ಟ ಮರವಲ್ಲ, ಆದರೆ ತಾನಾಗಿ ಬಾಳುವ ಮರವೂ ಅಲ್ಲ. ಔಷಧಿ ಇಲ್ಲದೆ ಹಾಕಿದರೆ ಕುಟ್ಟೆ, ಗೆದ್ದಲು, ಶಿಲೀಂಧ್ರ ಮೂರಕ್ಕೂ ಸಿಕ್ಕುತ್ತದೆ. ತೊಲೆಗೆ ಬೇಡವೇ ಬೇಡ. ತೊಲೆ ಕೆಟ್ಟರೆ ಮೇಲಿನ ನೆಲ ಪೂರ್ತಿ ಬಿಚ್ಚಬೇಕು. ಹಲಗೆ ಕೆಟ್ಟರೆ ಒಂದು ಹಲಗೆ ಬದಲಿಸಿದರೆ ಆಯಿತು. ದುಡ್ಡನ್ನು ತೊಲೆಗೆ ಹಾಕಿ, ಹಲಗೆಯಲ್ಲಿ ಉಳಿಸಿ.

ತೊಲೆಗೆ ನನ್ನ ಆಯ್ಕೆ ಹೊನ್ನೆ ಅಥವಾ ತೇಗದ ಕೆಚ್ಚು, ಅಂದರೆ ಮರದ ನಡುವಿನ ಗಟ್ಟಿ ಭಾಗ. ಹಲಸಿನ ಹಳದಿ ಕೆಚ್ಚೂ ಗೆದ್ದಲಿಗೆ ಚೆನ್ನಾಗಿ ತಡೆಯುತ್ತದೆ, ನಮ್ಮ ಹಳೇ ಮನೆಗಳಲ್ಲಿ ನೋಡಿದ್ದೇವೆ. ಮತ್ತಿ, ನಂದಿ ಬಲವಾದ ಮರಗಳು, ಆದರೆ ಬಾಳಿಕೆಯಲ್ಲಿ ತೇಗಕ್ಕಿಂತ ಕೆಳಗೆ. ಮತ್ತಿ ಒಣಗುವಾಗ ಸೀಳುವುದೂ ಹೆಚ್ಚು. ನೀಲಗಿರಿ ತಿರುಚಿಕೊಳ್ಳುತ್ತದೆ, ನೆಲಕ್ಕೆ ಸಲ್ಲದು. ಯಾವ ಮರವಾದರೂ ಬಾಳಿಕೆ ಇರುವುದು ಕೆಚ್ಚಿನಲ್ಲಿ ಮಾತ್ರ. ತೊಗಟೆಯ ಪಕ್ಕದ ಬಿಳಿ ಭಾಗ ತೇಗದಲ್ಲೂ ಕುಟ್ಟೆಗೆ ಊಟವೇ. ತೇಗ ಅಂತ ಬಿಲ್ಲಿನಲ್ಲಿ ಬರೆದಿದ್ದರೆ ಸಾಲದು, ಅಂಚಿನಲ್ಲಿ ಬಿಳಿ ಪಟ್ಟಿ ಎಷ್ಟಿದೆ ನೋಡಿ ತೆಗೆದುಕೊಳ್ಳಿ.

ಇನ್ನೊಂದು ವಿಷಯ. ಸಿಲ್ವರ್ ಓಕ್ ಕಡಿಯಲು 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಹೊನ್ನೆ, ತೇಗ, ಮತ್ತಿ, ಹಲಸು ಹಾಗಲ್ಲ. ನಿಮ್ಮದೇ ತೋಟದ ಮರ, ನಿಮ್ಮದೇ ಶೆಡ್ಡಿಗೆ ಅಂದರೂ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ. ಬಾಣೆ (ಗದ್ದೆಗೆ ಸೇರಿದ ಕಾಡುಜಾಗ) ಆದರೆ ಮರದ ಹಕ್ಕಿನ ಪ್ರಶ್ನೆ ಬೇರೆಯೇ ಇರುತ್ತದೆ, ದಾಖಲೆ ಕೈಯಲ್ಲಿ ಹಿಡಿದೇ ಹೋಗಿ.

ಭಾಗಮಂಡಲ ಮಳೆ

ಹೊಸ ಮರಕ್ಕಿಂತ ಹಳೇ ಮನೆ ಬಿಚ್ಚಿದ ಮರ ಹುಡುಕಿ ಅನ್ನುವುದು ನನ್ನ ಸಲಹೆ. ಆ ತೊಲೆ, ಜಂತಿಗಳು ಎಷ್ಟೋ ಮಳೆಗಾಲ ಕಂಡು ಒಣಗಿ ನಿಂತಿರುತ್ತವೆ, ಇನ್ನು ಬಾಗುವುದಿಲ್ಲ. ಕೊಳ್ಳುವಾಗ ಒಂದು ಸುತ್ತಿಗೆ ತೆಗೆದುಕೊಂಡು ಹೋಗಿ ಉದ್ದಕ್ಕೂ ಬಡಿಯಿರಿ. ಗಟ್ಟಿ ಮರ ಠಣ್ ಅನ್ನುತ್ತದೆ, ಒಳಗೆ ತಿಂದಿದ್ದರೆ ಬೊದ್ದು ಶಬ್ದ. ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಒಳಗಿದೆ, ಬಿಟ್ಟುಬಿಡಿ.

ಆಚಾರಿ ಮಗ, ಸೋಮವಾರಪೇಟೆ

ಹೌದು, ಗೋಡೆಯೊಳಗೆ ಕೂತಿದ್ದ ತುದಿಯನ್ನು ಮುಖ್ಯವಾಗಿ ನೋಡಿ. ಕೊಳೆಯುವುದು ಅಲ್ಲಿಂದಲೇ. ಎರಡೂ ತುದಿ ಒಂದೊಂದು ಅಡಿ ಕತ್ತರಿಸಿ ಹಾಕುವ ಲೆಕ್ಕದಲ್ಲೇ ಉದ್ದ ಕೊಳ್ಳಿ. ಹಳೇ ಮೊಳೆ ಪೂರ್ತಿ ಕೀಳಿಸಿದ ಮೇಲೆ ಮಿಷನ್ನಿಗೆ ಕೊಡಿ.

ಸಿಲ್ವರ್ ಓಕ್ ಹಲಗೆಗೆ ನಾವು ಮಾಡುವುದು ಬೋರಾಕ್ಸ್, ಬೋರಿಕ್ ಆಸಿಡ್ ಸ್ನಾನ. ಒಂದು ಭಾಗ ಬೋರಿಕ್ ಆಸಿಡ್‌ಗೆ ಒಂದೂವರೆ ಭಾಗ ಬೋರಾಕ್ಸ್, ಎರಡೂ ಸೇರಿ 100 ಲೀಟರ್ ನೀರಿಗೆ 5 ಕೆ.ಜಿ. ಬಿಸಿನೀರಿನಲ್ಲಿ ಬೇಗ ಕರಗುತ್ತದೆ. ಮರ ಹಸಿ ಇರುವಾಗಲೇ ಕೊಯ್ಯಿಸಿ ಮುಳುಗಿಸಬೇಕು. ಮರದೊಳಗೆ ನೀರಿದ್ದರೆ ಔಷಧಿ ಆ ನೀರಿನ ದಾರಿಯಲ್ಲೇ ಒಳಗೆ ಹರಡುತ್ತದೆ, ಒಣಗಿದ ಹಲಗೆಗೆ ಬರೀ ಮೇಲ್ಮೈಗೆ ಹತ್ತುತ್ತದೆ. ಮುಳುಗಿಸಿ ತೆಗೆದ ಮೇಲೆ ಒತ್ತಾಗಿ ಪೇರಿಸಿ ಟಾರ್ಪಾಲು ಮುಚ್ಚಿ ಕೆಲವು ವಾರ ಬಿಡಿ, ಒಳಗೆ ಇಳಿಯಲಿ. ಆಮೇಲೆ ಒಣಗಿಸುವುದು. ಈ ಔಷಧಿ ಮಳೆಗೆ ತೊಳೆದು ಹೋಗುತ್ತದೆ, ಆದರೆ ನಿಮ್ಮದು ಸೂರಿನಡಿ ತಾನೆ, ತೊಂದರೆಯಿಲ್ಲ.

ಕಾಫಿಹೂ

ನಮ್ಮ ದಿಮ್ಮಿ ಕಡಿದು ಎರಡು ತಿಂಗಳಾಗಿಲ್ಲ, ಒಳಗೆ ಹಸಿಯೇ ಇರಬೇಕು. ಒಣಗಿತೋ ಇಲ್ಲವೋ ಅಂತ ತಿಳಿಯಲು ಕಾಫಿ ಬೀಜದ ಮಾಯಿಶ್ಚರ್ ಮೀಟರ್ ನಮ್ಮಲ್ಲಿದೆ, ಅದು ನಡೆಯುತ್ತದಾ?

ಮತ್ತಿಮರ, ಪೊನ್ನಂಪೇಟೆ

ಇಲ್ಲಮ್ಮ, ಅದು ಬೀಜಕ್ಕೆ ಹೊಂದಿಸಿದ ಯಂತ್ರ, ಮರಕ್ಕೆ ಸುಳ್ಳು ಅಂಕಿ ತೋರಿಸುತ್ತದೆ. ಎರಡು ಮುಳ್ಳು ಚುಚ್ಚುವ ಮರದ ಮೀಟರ್ ಬೇರೆ ಸಿಗುತ್ತದೆ. ಅದೂ ಬೇಡವೆಂದರೆ, ಹಲಗೆಯ ತುದಿಯಿಂದ ಒಂದಡಿ ಒಳಗೆ ಬಂದು ಒಂದು ತುಂಡು ಕತ್ತರಿಸಿ, ತಕ್ಷಣ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಓವನ್ನಿನಲ್ಲಿ 103 ಡಿಗ್ರಿಯ ಹತ್ತಿರ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಕಡಿಮೆಯಾದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ ನೀರು. 115 ಗ್ರಾಂ ಇದ್ದದ್ದು 100ಕ್ಕೆ ಬಂದು ನಿಂತರೆ ಶೇ. 15. ನಮ್ಮ ಜಿಲ್ಲೆಯ ನೆಲಕ್ಕೆ 14, 15ರಲ್ಲಿ ಹಾಕಿದರೆ ಸರಿ.

ಎರಡಿಂಚು ಹಲಗೆ ತಾನಾಗಿ ಒಣಗಲು ಒಂದು ಬೇಸಿಗೆ ಸಾಲದು. ನಡುವೆ ರೀಪು ಕೊಟ್ಟು, ನೆಲದಿಂದ ಎತ್ತರಿಸಿ, ನೆರಳಿನಲ್ಲಿ ಅಟ್ಟಿ ಕಟ್ಟಿ. ತುದಿಗಳಿಗೆ ದಪ್ಪ ಪೇಂಟ್ ಬಳಿಯಿರಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ಬಿಸಿಲಿಗೆ ಕಾಫಿಯಂತೆ ಹರಡಬೇಡಿ. ಅವಸರವಿದ್ದರೆ ಕಿಲ್ನ್ (ಮರ ಒಣಗಿಸುವ ಬಿಸಿ ಕೋಣೆ) ಇರುವ ಸಾಮಿಲ್ಲಿಗೆ ಕೊಡಿ.

ಹಳೇಗಾಡಿ, ವಿರಾಜಪೇಟೆ

ನಾನು ಗ್ಯಾರೇಜಿನವನು. ಮರಕ್ಕೆ ಹಳೇ ಇಂಜಿನ್ ಆಯಿಲ್ ಬಳಿಯುವುದು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ಪುಕ್ಕಟೆ ಸಿಗುತ್ತದೆ, ಬೇಲಿ ಗೂಟಕ್ಕೆ ಬಳಿದರೆ ಗೆದ್ದಲು ಒಂದೆರಡು ವರ್ಷ ಹತ್ತಿರ ಬರುವುದಿಲ್ಲ. ಅದನ್ನೇ ಯಾಕೆ ಬಳಿಯಬಾರದು ಅಂತ ಕೇಳುವವರು ಬಹಳ ಮಂದಿ. ಶೆಡ್ಡಿನ ಒಳಗೆ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ಎಣ್ಣೆಯಲ್ಲಿ ಲೋಹದ ಪುಡಿ, ಸುಟ್ಟ ಇಂಧನದ ವಿಷ ಎಲ್ಲ ಇರುತ್ತದೆ. ಚರ್ಮಕ್ಕೆ ದಿನಾ ತಾಗಿದರೆ ಕ್ಯಾನ್ಸರ್ ತರುವಂಥದ್ದು. ನೆಲ ಜಾರುತ್ತದೆ. ಜೀಪಿನಿಂದ ಹೊಸದಾಗಿ ಎಣ್ಣೆ ಸೋರಿದರೆ ಗೊತ್ತೇ ಆಗುವುದಿಲ್ಲ. ಮೇಲಾಗಿ ಹಲಗೆಯ ಸಂದಿಯಿಂದ ಮಣ್ಣಿಗೆ ಇಳಿದರೆ ಬಾವಿಗೆ ದಾರಿ ಮಾಡಿಕೊಟ್ಟಂತೆ. ತೋಟದ ಮನೆಯಲ್ಲಿ ಬಾವಿ ನೀರೇ ಕುಡಿಯುವುದಲ್ಲವಾ?

ಭಾಗಮಂಡಲ ಮಳೆ

ಹಾಗಾದರೆ ಗೇರು ಎಣ್ಣೆ? ನಮ್ಮ ಕಡೆ ಮಂಗಳೂರಿನಿಂದ ತರಿಸಿ ಮರಕ್ಕೆ ಬಳಿಯುತ್ತಾರೆ.

ಆಚಾರಿ ಮಗ, ಸೋಮವಾರಪೇಟೆ

ಗೇರುಬೀಜದ ಸಿಪ್ಪೆಯ ಎಣ್ಣೆ ಒಳ್ಳೆಯದು, ನಾವು ತೊಲೆಗೂ ಹಲಗೆಯ ಅಡಿಮೈಗೂ ಅದನ್ನೇ ಬಳಿಯುತ್ತೇವೆ. ಕರಾವಳಿಯವರು ದೋಣಿಗೆ ಬಳಿಯುವ ಎಣ್ಣೆ ಅದು. ಆದರೆ ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ ಮುಟ್ಟಲೇಬಾರದು. ಬಣ್ಣ ಕಪ್ಪು, ಒಣಗಲು ದಿನಗಟ್ಟಲೆ ಬೇಕು, ಹಾಗಾಗಿ ಮೇಲ್ಮೈಗೆ ಬೇಡ. ಕತ್ತರಿಸಿದ ತುದಿಗೆ ಎರಡು ಮೂರು ಸಲ ಕುಡಿಸಿ, ಮರ ನೀರು ಎಳೆಯುವುದು ತುದಿಯಿಂದಲೇ. ಒಂದು ಮಾತು, ಬೋರಾಕ್ಸ್ ಹಾಕಿದ ಹಲಗೆ ಪೂರ್ತಿ ಒಣಗಿದ ಮೇಲೆಯೇ ಎಣ್ಣೆ. ಮೊದಲೇ ಎಣ್ಣೆ ಬಳಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ.

ಹಳೇಗಾಡಿ, ವಿರಾಜಪೇಟೆ

ಮೇಲ್ಮೈಗೆ ನನ್ನ ಅನುಭವ: ಹೊಳೆಯುವ ಪಿಯು (ಪಾಲಿಯುರೆಥೇನ್) ಪಾಲಿಶ್ ಗಾಡಿ ಶೆಡ್ಡಿಗೆ ಒಗ್ಗುವುದಿಲ್ಲ. ಓಡಿಬಂದ ಬಿಸಿ ಟಯರು ಅದಕ್ಕೆ ಅಂಟಿ ಕಪ್ಪು ಕಲೆ ಬಿಡುತ್ತದೆ. ಪದರ ಒಂದು ಕಡೆ ಒಡೆದರೆ ಅಲ್ಲಿಂದ ತೇವ ಒಳಗೆ ಹೋಗಿ ಇಡೀ ಪಾಲಿಶ್ ಹಪ್ಪಳದ ಹಾಗೆ ಏಳುತ್ತದೆ. ಬೇಯಿಸಿದ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಕುಡಿಸಿ, ಅರ್ಧ ಗಂಟೆ ಬಿಟ್ಟು ಹೀರದೆ ಉಳಿದದ್ದನ್ನು ಒರೆಸಿಬಿಡಿ. ಹಸಿ ಅಗಸೆ ಎಣ್ಣೆ ಬೇಡ, ನಮ್ಮ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಮೇಲೆ ಬೂಷ್ಟು ಬರುತ್ತದೆ.

ಒರೆಸಿದ ಬಟ್ಟೆಯ ಬಗ್ಗೆ ಎಲ್ಲರೂ ಗಮನ ಕೊಟ್ಟು ಓದಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಕೂಡಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಮರದ ನೆಲ, ಪಕ್ಕದಲ್ಲಿ ಪೆಟ್ರೋಲ್ ಜೀಪು. ಬಟ್ಟೆಗಳನ್ನು ನೀರಿನಲ್ಲಿ ಮುಳುಗಿಸಿ, ಇಲ್ಲವೇ ಹೊರಗೆ ಬೇಲಿ ಮೇಲೆ ಒಂದೊಂದಾಗಿ ಹರಡಿ ಒಣಗಿಸಿ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹಲಗೆ ಸಂದಿಯಿಂದ ಇಳಿದು ಅಡಿಯಲ್ಲಿ ಕೂರುತ್ತದೆ. ಆಚಾರಿ ಅಣ್ಣ ಹೇಳಿದ ಎದುರುಬದುರು ಕಂಡಿ ಇದಕ್ಕೂ ಬೇಕೇ ಬೇಕು. ಒಳಗೆ ವೆಲ್ಡಿಂಗ್ ಮಾಡಿಸಬೇಡಿ. ತಿಂಗಳುಗಟ್ಟಲೆ ನಿಲ್ಲಿಸುವಾಗ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಪೆಟ್ರೋಲ್ ಪೈಪು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ನೆಲದ ಕೆಲಸಕ್ಕಿಂತ ಮೊದಲು ಅದನ್ನು ಬದಲಿಸಿ. ಬಾಗಿಲ ಪಕ್ಕ ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ತೂಗುಹಾಕಿ.

ಇಂಜಿನ್, ಗೇರ್ ಬಾಕ್ಸ್ ಅಡಿಗೆ ಅಂಚು ಮಡಿಸಿದ ಜಿಐ ತಗಡಿನ ಟ್ರೇ ಮಾಡಿಸಿ, ಹಳೇ ಜೀಪು ತೊಟ್ಟಿಕ್ಕದೆ ಇರುವುದಿಲ್ಲ. ಹಲಗೆಗೆ ಎಣ್ಣೆ ಬಿದ್ದರೆ ತಕ್ಷಣ ಮರದ ಹೊಟ್ಟು ಸುರಿದು, ಹೀರಿದ ಮೇಲೆ ಹೊರಗೆ ಹಾಕಿ. ಒದ್ದೆ ಗಾಡಿ ಒಳಗೆ ತಂದು ಟಾರ್ಪಾಲು ಹೊದಿಸಬೇಡಿ. ತುಕ್ಕಿಗೆ ಅದಕ್ಕಿಂತ ಒಳ್ಳೆ ಮನೆ ಇನ್ನೊಂದಿಲ್ಲ. ಹತ್ತಿ ಬಟ್ಟೆಯ ಹೊದಿಕೆ ಸಾಕು.

ಕಾಫಿಹೂ

ಬಟ್ಟೆ ವಿಷಯ ನನಗೆ ಖಂಡಿತ ಗೊತ್ತಿರಲಿಲ್ಲ ಅಣ್ಣ. ಇನ್ನು ಗೆದ್ದಲು ಔಷಧಿ ಒಂದು ಉಳಿದಿದೆ. ನಮ್ಮ ಬಾವಿ ಗೋಡಾನಿನಿಂದ ನಲವತ್ತು ಅಡಿ, ಅದೂ ಇಳಿಜಾರಿನ ಕೆಳಗೆ.

ಕುಶಾಲನಗರ ಸೈಟ್

ಸಾಮಾನ್ಯವಾಗಿ ಮಣ್ಣಿಗೆ ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ, ಲೀಟರ್ ನೀರಿಗೆ 2.1 ಮಿ.ಲೀ. ಬೆರೆಸಿ, ಚದರ ಮೀಟರಿಗೆ 5 ಲೀಟರ್ ಸುರಿಯುತ್ತೇವೆ. ಗೋಡೆ ಮಣ್ಣು ಸೇರುವ ಅಂಚಿನಲ್ಲಿ 7.5 ಲೀಟರ್. ಆದರೆ ಬಾವಿ ಇಳಿಜಾರಿನ ಕೆಳಗೆ ಇದೆ ಅಂದಮೇಲೆ ನಾನು ನೆಲಕ್ಕೆಲ್ಲ ಸುರಿಸುವುದಿಲ್ಲ.

ಮತ್ತಿಮರ, ಪೊನ್ನಂಪೇಟೆ

ನನ್ನದೂ ಅದೇ ಅಭಿಪ್ರಾಯ. ನಿಮಗೆ ಹಲಗೆಯ ಅಡಿಯಲ್ಲಿ ಒಂದಡಿಗೂ ಹೆಚ್ಚು ಜಾಗ, ಕಾಂಕ್ರೀಟ್ ಗುಟ್ಟೆ, ತಗಡಿನ ಟೋಪಿ, ಬೋರಾಕ್ಸ್ ಕುಡಿದ ಹಲಗೆ ಇಷ್ಟೂ ಇದೆ. ಗೆದ್ದಲು ಮಣ್ಣಿನಿಂದ ಮರಕ್ಕೆ ಕಳ್ಳದಾರಿಯಲ್ಲಿ ಬರಲು ಬಿಡಬಾರದು, ಅಷ್ಟೆ. ಹಲಗೆ ಗೋಡೆಗೆ ತಾಗದ ಹಾಗೆ ಸುತ್ತಲೂ ಒಂದಿಂಚು ಬಿಡಿ, ಇಲ್ಲದಿದ್ದರೆ ಗೋಡೆ ಹತ್ತಿ ಬಂದ ಗೆದ್ದಲು ಅಲ್ಲಿಂದಲೇ ಹಲಗೆಗೆ ದಾಟುತ್ತದೆ. ಅಡಿಯಲ್ಲಿ ಮರದ ಚಕ್ಕೆ, ಹೊಟ್ಟು, ಹಳೇ ರೀಪಿನ ತುಂಡು ಒಂದೂ ಬಿಡಬೇಡಿ, ಬಡಗಿಗಳು ಹೋದ ಮೇಲೆ ನೀವೇ ಗುಡಿಸಿಸಿ. ಆರು ತಿಂಗಳಿಗೊಮ್ಮೆ ಟಾರ್ಚ್ ಬಿಟ್ಟು ಗುಟ್ಟೆಗಳನ್ನು ನೋಡಿ, ಮಣ್ಣಿನ ಕೊಳವೆ ಕಂಡರೆ ಒಡೆದು ಆ ಗುಟ್ಟೆಗೆ ಮಾತ್ರ ಔಷಧಿ ಹಾಕಿಸಿ.

ಪೇಟೆಯಲ್ಲಿ ಸಿಸಿಎ ಹಾಕಿದ ಹಸಿರು ಛಾಯೆಯ ಮರ ಕೂಡ ಸಿಗಬಹುದು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಈ ಔಷಧಿಯನ್ನು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದವರು ಸೋಂತಿ ಕಾಮೇಶನ್, ನಮ್ಮ ದೇಶದವರೇ. ಬಾಳಿಕೆ ಬಹಳ. ತೊಲೆಗೆ ಹಾಕಬಹುದು, ಆದರೆ ಅದರ ತುಂಡನ್ನಾಗಲಿ ಪುಡಿಯನ್ನಾಗಲಿ ಹಂಡೆ ಒಲೆಗೆ ಹಾಕಲೇಬಾರದು. ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ. ಆ ಬೂದಿ ತೋಟಕ್ಕೂ ಬೇಡ. ಕೆಲಸದವರಿಗೆ ಬಾಯಿಬಿಟ್ಟು ಹೇಳಿ, ನಮ್ಮಲ್ಲಿ ಮರದ ತುಂಡು ಕಂಡರೆ ಒಲೆ ಪಕ್ಕ ಪೇರಿಸುವುದು ಅಭ್ಯಾಸ.

ಭಾಗಮಂಡಲ ಮಳೆ

ಹಿಂದಿನ ಬರೆ ಬಗ್ಗೆ ಯಾರೂ ಹೇಳಲಿಲ್ಲ. 2018ರ ಆಗಸ್ಟಿನ ಗುಡ್ಡ ಕುಸಿತ ನೋಡಿದ ಮೇಲೆ ಬರೆ ಅಂದರೆ ಸುಮ್ಮನಿರಲು ನನ್ನಿಂದಾಗುವುದಿಲ್ಲ. ಬರೆಯ ಬುಡದಲ್ಲೂ ಮೇಲಿನ ಅಂಚಿನಲ್ಲೂ ಚರಂಡಿ ತೆಗೆಸಿ, ನೀರು ಗೋಡಾನಿಗೆ ಬರದೆ ಪಕ್ಕದಿಂದ ಹರಿದು ಹೋಗುವಂತೆ ತಿರುಗಿಸಿ. ಗೋಡಾನಿನ ಹಿಂದಿನ ಗೋಡೆಯ ಕಂಡಿ ಚರಂಡಿ ಮಟ್ಟಕ್ಕಿಂತ ಎತ್ತರ ಇರಲಿ. ಹೆಂಚಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದಂಬೆ ಕಟ್ಟಿಸಿ. ಬರೆಯಲ್ಲಿ ಬಿರುಕು ಕಂಡರೆ, ಅಥವಾ ಬುಡದಲ್ಲಿ ಹೊಸದಾಗಿ ಒರತೆ ಎದ್ದರೆ, ಜೀಪು ಆಚೆ ತೆಗೆದು ಜನ ಆ ಕಡೆ ಹೋಗದಂತೆ ನೋಡಿಕೊಳ್ಳಿ.

ಕಾಫಿಹೂ

ಮುಖ್ಯವಾದ ಮಾತು. ಚರಂಡಿ ಕೆಲಸ ಮೊದಲು ಹಿಡಿಸುತ್ತೇನೆ. ನಾನು ಯೋಚಿಸಿದ್ದು ಹೀಗೆ: ಈಗ ಕಾಫಿ ಕೊಯ್ಲು ಮುಗಿಯುತ್ತಿದೆ, ಜನ ಸಿಗುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ಮಣ್ಣು ತೆಗೆದು ಗುಟ್ಟೆ, ಕಂಡಿ ಮುಗಿಸುವುದು. ತೊಲೆಗೆ ಹಳೇ ಮನೆಯ ಮರ ಹುಡುಕುವುದು, ಸಿಗದಿದ್ದರೆ ಹೊನ್ನೆ. ಸಿಲ್ವರ್ ಓಕ್ ಕೊಯ್ಯಿಸಿ ಬೋರಾಕ್ಸ್ ಹಾಕಿ ಅಟ್ಟಿ ಕಟ್ಟಿಬಿಡುವುದು, ಹಲಗೆ ಮುಂದಿನ ಬೇಸಿಗೆಗೆ. ಅಲ್ಲಿವರೆಗೆ ಜೀಪು ಮನೆ ಪೋರ್ಟಿಕೋದಲ್ಲಿ. ಹಲಗೆ ಹಲಗೆ ನಡುವೆ ಎಷ್ಟು ಸಂದಿ ಬಿಡಬೇಕು? ಮೊಳೆಯಾ ಸ್ಕ್ರೂವಾ?

ಮತ್ತಿಮರ, ಪೊನ್ನಂಪೇಟೆ

ಮುಂದಿನ ಬೇಸಿಗೆಗೆ ಬಿಟ್ಟಿದ್ದು ಒಳ್ಳೆಯದಾಯಿತು. ಸಂದಿಗೆ ಲೆಕ್ಕ ಇದೆ. ಬೇಸಿಗೆಯಲ್ಲಿ ಶೇ. 12 ಇದ್ದ ಮರ ಮಳೆಗಾಲದಲ್ಲಿ 20ಕ್ಕೆ ಹೋದರೆ, 6 ಇಂಚಿನ ತೇಗದ ಹಲಗೆ ಸುಮಾರು ಎರಡೂವರೆ ಮಿ.ಮೀ. ಅಗಲವಾಗುತ್ತದೆ. ಸಿಲ್ವರ್ ಓಕ್ ಅದಕ್ಕಿಂತ ಹೆಚ್ಚು ಹಿಗ್ಗುವ ಮರ. 5 ಮಿ.ಮೀ. ಬಿಡಿ. ಸಂದಿಯಿಲ್ಲದೆ ಬಿಗಿಯಾಗಿ ಕೂರಿಸಿದರೆ ಜುಲೈನಲ್ಲಿ ಹಲಗೆಗಳು ಒಂದನ್ನೊಂದು ತಳ್ಳಿ ಎದ್ದು ನಿಲ್ಲುತ್ತವೆ. ಬೈಕಿನ ಸ್ಟ್ಯಾಂಡ್ ಸಂದಿಗೆ ಸಿಕ್ಕದಂತೆ ಅದರ ಅಡಿಗೆ ಒಂದು ತುಂಡು ಹಲಗೆ ಇಟ್ಟುಕೊಳ್ಳಿ.

ಆಚಾರಿ ಮಗ, ಸೋಮವಾರಪೇಟೆ

ಸ್ಕ್ರೂವೇ ಅಕ್ಕ, ಮೊಳೆ ಬೇಡ. ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಳ್ಳಿ, ಆಗದಿದ್ದರೆ ದಪ್ಪ ಗ್ಯಾಲ್ವನೈಸ್ ಆದದ್ದು. ಬರೀ ಕಬ್ಬಿಣ ಹೊನ್ನೆ, ಮತ್ತಿಯಂಥ ಒಗರಿನ ಮರದಲ್ಲಿ ಕಪ್ಪು ಕಲೆ ಬಿಟ್ಟು ತುಕ್ಕು ಹಿಡಿಯುತ್ತದೆ, ಸುತ್ತಲಿನ ಮರವೂ ಸವೆಯುತ್ತದೆ. ಎರಡಿಂಚು ಹಲಗೆಗೆ ನಾಲ್ಕಿಂಚಿನ ಸ್ಕ್ರೂ, ಪ್ರತಿ ತೊಲೆಗೆ ಎರಡು. ಮೊದಲು ಡ್ರಿಲ್ಲಿನಲ್ಲಿ ತೂತು ಮಾಡಿಕೊಂಡೇ ಹಾಕಿಸಿ, ಸಿಲ್ವರ್ ಓಕ್ ತುದಿ ಬೇಗ ಸೀಳುತ್ತದೆ. ಸ್ಕ್ರೂ ತಲೆ ಹಲಗೆ ಮಟ್ಟಕ್ಕಿಂತ ಎರಡು ಮೂರು ಮಿ.ಮೀ. ಒಳಗೆ ಕೂರಲಿ, ಟಯರಿಗೆ ತಾಗಬಾರದು. ಅದರ ಮೇಲೆ ಪುಟ್ಟಿ ಹಾಕಬೇಡಿ, ಅಡಿ ನೋಡಲು ಹಲಗೆ ಬಿಚ್ಚಬೇಕಾದಾಗ ತಲೆ ಸಿಗಬೇಕು. ಎರಡು ಗೋಡೆಯ ಪಕ್ಕವೂ ಒಂದೊಂದು ಹಲಗೆಯನ್ನು ಸುಲಭವಾಗಿ ಬಿಚ್ಚುವ ಹಾಗೆ ಗುರುತು ಮಾಡಿಟ್ಟುಕೊಳ್ಳಿ. ನಾಲ್ಕು ಹಲಗೆ ಹೆಚ್ಚಿಗೆ ಕೊಯ್ಯಿಸಿ ಅದೇ ಔಷಧಿ ಹಾಕಿ ಗೋಡಾನಿನ ಅಟ್ಟದ ಮೇಲೆ ಇಡಿ, ಮುಂದೆ ಯಾವುದಾದರೂ ಬದಲಿಸುವಾಗ ಅದೇ ದಪ್ಪದ್ದು ಹುಡುಕಿಕೊಂಡು ಅಲೆಯಬೇಕಾಗಿಲ್ಲ.